ಸಿಂಗಲ್ ಫೇಸಿನಲ್ಲಿ ಮೋಟಾರು ಹಾಕಬೇಡಿ

"ರಿಪೋರ್ಟೆಲ್ಲ ನಾರ್ಮಲ್ ಇದೆಯಮ್ಮ. ಜಾಸ್ತಿ ಯೋಚ್ನೆ ಮಾಡ್ಬೇಡಿ, ದಿನಾ ಅರ್ಧ ಗಂಟೆ ವಾಕಿಂಗ್ ಮಾಡಿ, ಸರಿಹೋಗುತ್ತೆ."

ಈ ಮಾತು ಕೇಳಿಸಿಕೊಂಡು ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಸಮಾಧಾನ ಆಗಬೇಕು. ಕೆಲವರಿಗೆ ಆಗುವುದು ಗಾಬರಿ. ಮೆಟ್ಟಿಲಿಳಿಯುವುದೇ ಕಷ್ಟವಾಗಿದೆ, ರಿಪೋರ್ಟು ಮಾತ್ರ ಚೆನ್ನಾಗಿದೆ. ಒಂದು ಜ್ವರ ಬಂದು ಹೋಯಿತು. ಡೆಂಗಿಯೋ, ಚಿಕೂನ್‌ಗುನ್ಯಾವೋ, ಕೋವಿಡ್ಡೋ, ಹೆಸರೇ ಇಲ್ಲದ ವೈರಲ್ಲೋ. ಜ್ವರ ಹೋದರೂ ಮೈ ವಾಪಸು ಬರಲಿಲ್ಲ. ತಲೆಗೆ ಸ್ನಾನ ಮಾಡಿದರೆ ಒಂದು ಗಂಟೆ ಮಲಗಬೇಕು. ಒಲೆಯ ಮುಂದೆ ಹತ್ತು ನಿಮಿಷ ನಿಂತರೆ ಎದೆ ಡವಗುಟ್ಟುತ್ತದೆ. ಎಂಟು ಗಂಟೆ ನಿದ್ದೆ ಮಾಡಿ ಎದ್ದರೂ ರಾತ್ರಿಯೆಲ್ಲ ಮೂಟೆ ಹೊತ್ತ ಹಾಗೆ. ಹೇಳಬೇಕೆಂದುಕೊಂಡ ಪದ ಬಾಯಿಗೆ ಬರುವುದಿಲ್ಲ. ಪಕ್ಕದ ಮನೆಯವರು ಮಾತ್ರ "ನೋಡೋಕೆ ಚೆನ್ನಾಗೇ ಇದ್ದೀಯಲ್ಲೇ" ಎನ್ನುತ್ತಾರೆ.

ನನ್ನದೂ ಇದೇ ಕಥೆ. ಚಿಕೂನ್‌ಗುನ್ಯಾ ಆದ ಮೇಲೆ ಶುರುವಾದದ್ದು. ಒಬ್ಬ ತಜ್ಞರು ಹೊಟ್ಟೆಗೆ ಮಾತ್ರೆ ಕೊಟ್ಟರು, ಇನ್ನೊಬ್ಬರು ಎದೆಬಡಿತಕ್ಕೆ, ಮತ್ತೊಬ್ಬರು ಕೀಲುನೋವಿಗೆ. ನಾಲ್ಕನೆಯವರು "ಮದುವೆ ವಿಷಯದಲ್ಲಿ ಏನಾದ್ರೂ ಟೆನ್ಶನ್ನಾ?" ಎಂದು ಕೇಳಿದರು. ಎಲ್ಲವೂ ಒಂದೇ ಮೈಯಲ್ಲಿ ನಡೆಯುತ್ತಿದೆ ಎಂದು ಕೂಡಿಸಿ ನೋಡಿದವರು ಸಿಗಲು ಎರಡು ವರ್ಷ ಹಿಡಿಯಿತು. ಆ ಎರಡು ವರ್ಷದಲ್ಲಿ ಯಾರಾದರೂ ನನಗೆ ಹೇಳಬೇಕಿತ್ತು ಅನ್ನಿಸಿದ ಸಂಗತಿಗಳನ್ನು ಇಲ್ಲಿ ಬರೆದಿದ್ದೇನೆ.

ಕನ್ನಡದಲ್ಲಿ ದಣಿವು ಬೇರೆ, ನಿತ್ರಾಣ ಬೇರೆ. ದಣಿವು ದುಡಿದವರಿಗೆ ಬರುವುದು, ಕೂತರೆ ಹೋಗುವುದು. ನಿತ್ರಾಣದಲ್ಲಿ ತ್ರಾಣವೇ ಇರುವುದಿಲ್ಲ. ಈ ಲೇಖನ ಆರು ತಿಂಗಳಾದರೂ ಬಿಡದ ನಿತ್ರಾಣದ ಬಗ್ಗೆ.

ಹೆಸರಿನ ಹಿಂದೆ

1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಇನ್ನೂರಕ್ಕೂ ಹೆಚ್ಚು ಸಿಬ್ಬಂದಿ ಒಂದೇ ಬಗೆಯ ಕಾಯಿಲೆ ಬಿದ್ದು, ಆಸ್ಪತ್ರೆಯನ್ನೇ ಕೆಲವು ತಿಂಗಳು ಮುಚ್ಚಬೇಕಾಯಿತು. ಮರುವರ್ಷ ಅದಕ್ಕೆ ಮಯಾಲ್ಜಿಕ್ ಎನ್ಸೆಫಲೋಮೈಲೈಟಿಸ್ ಎಂಬ ಹೆಸರು ಬಂತು. 1970ರಲ್ಲಿ ಇಬ್ಬರು ಮನೋವೈದ್ಯರು ಹಳೆಯ ಕಡತಗಳನ್ನು ಓದಿ, ಅದು ಸಾಮೂಹಿಕ ಹಿಸ್ಟೀರಿಯಾ ಎಂದು ಬರೆದರು. ಕಾಯಿಲೆ ಬಿದ್ದವರಲ್ಲಿ ಹೆಚ್ಚಿನವರು ಹೆಂಗಸರು ಎಂಬುದು ಅವರ ವಾದದ ಒಂದು ಆಧಾರವಾಗಿತ್ತು! 1988ರಲ್ಲಿ ಅಮೆರಿಕದವರು ಕ್ರಾನಿಕ್ ಫಟೀಗ್ ಸಿಂಡ್ರೋಮ್ ಎಂದು ಇನ್ನೊಂದು ಹೆಸರಿಟ್ಟರು. ಈಗ ಇಂಥ ನಿತ್ರಾಣದ ಕಾಯಿಲೆಗೆ ಎರಡನ್ನೂ ಸೇರಿಸಿ ಎಂ.ಇ./ಸಿ.ಎಫ್.ಎಸ್. ಎನ್ನುತ್ತಾರೆ.

ಇದನ್ನು ಗುರುತಿಸುವ ಒಂದೇ ಒಂದು ರಕ್ತಪರೀಕ್ಷೆ ಇಲ್ಲ. ಲಕ್ಷಣಗಳ ಮೇಲೆಯೇ ಗುರುತಿಸಬೇಕು. 2015ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಹೇಳಿದ ಅಳತೆ ಸರಳವಾಗಿದೆ. ಮೊದಲು ಮಾಡುತ್ತಿದ್ದ ಕೆಲಸ ಮಾಡಲಾಗದಷ್ಟು ಆಯಾಸ ಆರು ತಿಂಗಳಿಗೂ ಮೀರಿ ಇರಬೇಕು. ಸ್ವಲ್ಪ ಶ್ರಮಪಟ್ಟರೂ ಆಮೇಲೆ ಎಲ್ಲವೂ ಉಲ್ಬಣಿಸಬೇಕು. ನಿದ್ದೆಯಿಂದ ಚೇತರಿಕೆ ಆಗದಿರಬೇಕು. ಇವು ಮೂರೂ ಇದ್ದು, ಜೊತೆಗೆ ಮಂಕು ಕವಿದಂಥ ಮರೆವು ಅಥವಾ ನಿಂತರೆ ಹೆಚ್ಚುವ ತೊಂದರೆ, ಇವೆರಡರಲ್ಲಿ ಒಂದಾದರೂ ಇರಬೇಕು.

ಯಾಕೆ ಹೀಗಾಗುತ್ತದೆ?

ಮೂಲ ಕಾರಣವನ್ನು ಇನ್ನೂ ಯಾರೂ ಪೂರ್ತಿ ಬಿಡಿಸಿಲ್ಲ. ಆದರೆ ಅದು ನಡೆದುಕೊಳ್ಳುವ ರೀತಿ ಚೆನ್ನಾಗಿ ಗೊತ್ತಿದೆ, ಮನೆಯ ಮಟ್ಟಿಗೆ ಅಷ್ಟು ಸಾಕು.

ತಿಪಟೂರು ಕಡೆಯ ನಮ್ಮ ತೆಂಗಿನ ತೋಟದಲ್ಲಿ ತ್ರೀ ಫೇಸ್ ಕರೆಂಟು ದಿನಕ್ಕೆ ಕೆಲವೇ ಗಂಟೆ. ಉಳಿದ ಹೊತ್ತು ಸಿಂಗಲ್ ಫೇಸ್. ಬಲ್ಬು ಉರಿಯುತ್ತದೆ, ಫೋನು ಚಾರ್ಜಾಗುತ್ತದೆ, ನೋಡಿದವರಿಗೆ ಕರೆಂಟು ಇದ್ದ ಹಾಗೇ. ಆದರೆ ಆ ಹೊತ್ತಿನಲ್ಲಿ ಬೋರ್‌ವೆಲ್ ಮೋಟಾರು ಹಾಕಿದರೆ ವೈಂಡಿಂಗ್ ಸುಟ್ಟು ಹೋಗುತ್ತದೆ. ಆಮೇಲೆ ಅದನ್ನು ಮೇಲೆತ್ತಿಸಿ, ಪೇಟೆಗೆ ಸಾಗಿಸಿ, ರಿವೈಂಡಿಂಗ್ ಮಾಡಿಸಿ, ಮತ್ತೆ ಇಳಿಸುವಷ್ಟರಲ್ಲಿ ವಾರ ಕಳೆದಿರುತ್ತದೆ. ಈ ಕಾಯಿಲೆಯವರ ಮೈ ಹಾಗೇ. ಬೆಳಿಗ್ಗೆ ನಗುತ್ತಾ ಮಾತಾಡಿದರು ಅಂದರೆ ಬಲ್ಬು ಉರಿಯುತ್ತಿದೆ ಅಂತ ಅಷ್ಟೇ.

ವ್ಯತ್ಯಾಸ ಒಂದಿದೆ, ಮೋಸ ಇರುವುದೂ ಅಲ್ಲೇ. ಮೋಟಾರು ಆ ಕ್ಷಣವೇ ಸುಟ್ಟ ವಾಸನೆ ಕೊಡುತ್ತದೆ. ಮೈ ಕೊಡುವುದಿಲ್ಲ. ಭಾನುವಾರ ಮನೆ ಒರೆಸಿದಿರಿ, ಏನೂ ಆಗಲಿಲ್ಲ. ಸೋಮವಾರವೂ ನಡೆಯಿತು. ಮಂಗಳವಾರ ಬೆಳಿಗ್ಗೆ ತಲೆ ಎತ್ತಲಾಗಲಿಲ್ಲ. ಶ್ರಮಕ್ಕೂ ಕುಸಿತಕ್ಕೂ ನಡುವೆ ಸಾಮಾನ್ಯವಾಗಿ 12ರಿಂದ 48 ಗಂಟೆ ಇರುತ್ತದೆ. ಒಮ್ಮೆ ಕುಸಿದರೆ ದಿನಗಟ್ಟಲೆ, ವಾರಗಟ್ಟಲೆ ಏಳಲಾಗದೆ ಇರಬಹುದು. ವೈದ್ಯರ ಭಾಷೆಯಲ್ಲಿ ಇದು ಪೋಸ್ಟ್ ಎಕ್ಸರ್ಷನಲ್ ಮಲೇಸ್, ಪಿ.ಇ.ಎಂ. ಸೈಕಲ್ ತುಳಿಸಿ ಉಸಿರು ಅಳೆಯುವ ಪರೀಕ್ಷೆಯನ್ನು ಎರಡು ದಿನ ಸತತವಾಗಿ ಮಾಡಿದಾಗ, ಮೊದಲ ದಿನ ಸುಮಾರಾಗಿ ನಿಭಾಯಿಸಿದ ರೋಗಿಗಳು ಎರಡನೆಯ ದಿನ ಅದೇ ಮಟ್ಟ ಮುಟ್ಟಲಾಗದೆ ಹೋಗುವುದು ಕಂಡಿದೆ. ಒಂದೇ ದಿನ ಪರೀಕ್ಷಿಸಿ ಕಳಿಸಿದವರಿಗೆ ಇದು ಕಾಣುವುದಿಲ್ಲ. ಹತ್ತು ನಿಮಿಷ ಮಾತಾಡಿಸಿ ಹೋದ ನೆಂಟರಿಗಂತೂ ಕಾಣುವುದೇ ಇಲ್ಲ.

ಒಂದೇ ಮೈಯಲ್ಲಿ ಹಲವು ಕಾಯಿಲೆ

ಎದೆಬಡಿತ, ರಕ್ತದೊತ್ತಡ, ಬೆವರು, ಕರುಳಿನ ಚಲನೆ, ಇವನ್ನೆಲ್ಲ ನಾವು ಹೇಳದೆಯೇ ನೋಡಿಕೊಳ್ಳುವುದು ಸ್ವನಿಯಂತ್ರಿತ ನರಮಂಡಲ. ಅಲ್ಲಿ ಏರುಪೇರಾದರೆ ದೂರು ಒಂದೇ ಇಲಾಖೆಗೆ ಬರುವುದಿಲ್ಲ. ಈ ಕಾಯಿಲೆಯ ಜೊತೆಗೆ ಕೆಲವು ಸಂಗಾತಿಗಳೂ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಮೂರು ತಿಂಗಳು ಮೀರಿದ, ಮೈತುಂಬ ಹರಡಿದ ನೋವಿನ ಫೈಬ್ರೊಮಯಾಲ್ಜಿಯಾ. ಎದ್ದು ನಿಂತರೆ ಎದೆಬಡಿತ ಜಿಗಿಯುವ ಪಾಟ್ಸ್. ಭೇದಿ, ಮಲಬದ್ಧತೆ ಸರದಿಯಲ್ಲಿ ಬರುವ ಕರುಳಿನ ಕಿರಿಕಿರಿ, ಅಂದರೆ ಐ.ಬಿ.ಎಸ್. ಮೈಗ್ರೇನ್. ಕೀಲುಗಳು ಅತಿಯಾಗಿ ಬಾಗುವ ಹೈಪರ್‌ಮೊಬಿಲಿಟಿ. ಕಿರುಬೆರಳು ಹಿಂದಕ್ಕೆ 90 ಡಿಗ್ರಿ ಮೀರಿ ಬಾಗುತ್ತದೆ, ಹೆಬ್ಬೆರಳು ಮುಂಗೈಗೆ ಮುಟ್ಟುತ್ತದೆ, ಮಂಡಿ ಮಡಚದೆ ಅಂಗೈ ನೆಲಕ್ಕೆ ಊರುತ್ತದೆ ಎಂದಾದರೆ ವೈದ್ಯರಿಗೆ ಹೇಳಿ. ನಾಟ್ಯದ ತರಗತಿಯಲ್ಲಿ ಮೈ ಬಳ್ಳಿಯ ಹಾಗೆ ಬಾಗುತ್ತೆ ಎಂದು ಹೊಗಳಿಸಿಕೊಂಡ ಹುಡುಗಿಯರಲ್ಲಿ ಎಷ್ಟು ಜನ ಇಪ್ಪತ್ತೈದಕ್ಕೇ ಕೀಲು ಹಿಡಿದು ಕೂತಿದ್ದಾರೋ.

ಹಾಗಾಗಿ "ನನಗೆ ಇರುವುದು ಇದಾ, ಅದಾ?" ಎಂಬ ಪ್ರಶ್ನೆ ಹಲವು ಸಲ ತಪ್ಪು ಪ್ರಶ್ನೆ. ಎರಡೂ ಇರಬಹುದು. ಅವುಗಳಲ್ಲಿ ಒಂದು ಸುಲಭವಾಗಿ ಚಿಕಿತ್ಸೆಗೆ ಬಗ್ಗುವಂಥದ್ದೂ ಆಗಿರಬಹುದು. ಅಲ್ಲಿಂದಲೇ ಶುರು ಮಾಡಬೇಕು.

ಮಾಡಬೇಕಾದ್ದು

1. ಗುಣವಾಗುವುದನ್ನು ಮೊದಲು ಹುಡುಕಿ.

ನಮ್ಮ ದೇಶದಲ್ಲಿ ಸುಸ್ತಿಗೆ ಬಹಳ ಸಾಮಾನ್ಯವಾದ ಒಂದು ಕಾರಣ ಅಪರೂಪದ್ದೇನಲ್ಲ, ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ಅದು ಇತ್ತು. ಒಬ್ಬ ಜನರಲ್ ಫಿಸಿಶಿಯನ್ ಹತ್ತಿರ ಹೋಗಿ ಈ ಪರೀಕ್ಷೆಗಳು ಆಗಿವೆಯೇ ನೋಡಿ: ಸಿ.ಬಿ.ಸಿ., ಇ.ಎಸ್.ಆರ್. ಮತ್ತು ಸಿ.ಆರ್.ಪಿ., ಕಬ್ಬಿಣಕ್ಕೆ ಫೆರಿಟಿನ್, ಬಿ12, ವಿಟಮಿನ್ ಡಿ, ಥೈರಾಯ್ಡಿನ ಟಿ.ಎಸ್.ಎಚ್., ಸಕ್ಕರೆಗೆ ಎಚ್.ಬಿ.ಎ.1ಸಿ., ಲಿವರ್, ಕಿಡ್ನಿ, ಕ್ಯಾಲ್ಸಿಯಂ, ಮೂತ್ರ. ಗೋಧಿ ತಿಂದರೆ ಹೊಟ್ಟೆ ಕೆಡುವವರಿಗೆ ಸೀಲಿಯಾಕ್ ಪರೀಕ್ಷೆ. ಗೊರಕೆ ಹೊಡೆಯುವವರು, ತೆಳ್ಳಗಿದ್ದರೂ ಸರಿ, ನಿದ್ದೆಯಲ್ಲಿ ಉಸಿರು ನಿಲ್ಲುತ್ತದೆಯೇ ಎಂದು ಮನೆಯವರನ್ನು ಕೇಳಬೇಕು.

ಇಲ್ಲಿ ಲ್ಯಾಬಿನವರು ಹೇಳದ ಕೆಲವು ಸಂಗತಿಗಳಿವೆ. ಬಿ12 ಇಂಜೆಕ್ಷನ್ ಅಥವಾ ಮಾತ್ರೆ ಶುರು ಮಾಡುವ ಮೊದಲೇ ರಕ್ತ ಕೊಡಿ. ಆಮೇಲೆ ಕೊಟ್ಟರೆ ಅಂಕಿ ಏರಿರುತ್ತದೆ, ಮೂಲ ಕೊರತೆ ಎಷ್ಟಿತ್ತೆಂದು ತಿಳಿಯುವುದಿಲ್ಲ. ವರ್ಷಗಟ್ಟಲೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ಗ್ಯಾಸಿನ ಮಾತ್ರೆ ನುಂಗುವವರಲ್ಲಿ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಬಿ12 ಇಳಿಯಬಹುದು. ಸಸ್ಯಾಹಾರಿಗಳಾದರೆ ಇನ್ನೂ ಬೇಗ. ಕೂದಲು ಉದುರುವುದಕ್ಕೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಥೈರಾಯ್ಡ್ ಪರೀಕ್ಷೆ ತಪ್ಪು ತೋರಿಸಬಹುದು. ಎರಡು ದಿನವಾದರೂ ಮೊದಲೇ ನಿಲ್ಲಿಸಿ, ವೈದ್ಯರಿಗೂ ಹೇಳಿ. ಮೈಯಲ್ಲಿ ಉರಿಯೂತ ಇದ್ದಾಗ ಫೆರಿಟಿನ್ ಸುಳ್ಳಾಗಿ ಚೆನ್ನಾಗಿ ಕಾಣುತ್ತದೆ. ಕಬ್ಬಿಣದ ಮಾತ್ರೆಯನ್ನು ಕಾಫಿ, ಟೀ ಜೊತೆ ನುಂಗಿದರೆ ಸರಿಯಾಗಿ ಮೈಗೆ ಹತ್ತುವುದಿಲ್ಲ, ಒಂದೆರಡು ಗಂಟೆ ಅಂತರ ಇರಲಿ. ಮತ್ತೆ, ಎ.ಎನ್.ಎ. ಎಂಬ ರಕ್ತಪರೀಕ್ಷೆ ಪಾಸಿಟಿವ್ ಬಂದ ಕೂಡಲೇ ಲೂಪಸ್ ಕಾಯಿಲೆ ಎಂದು ಅಳುತ್ತ ಕೂರಬೇಡಿ. ಏನೂ ಇಲ್ಲದವರಲ್ಲೂ ಅದು ಪಾಸಿಟಿವ್ ಬರುವುದುಂಟು.

2. ನಿಂತು ಅಳೆಯಿರಿ.

ಕೊರೋನಾ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಡ್ರಾಯರಿನಲ್ಲಿ ಬಿದ್ದಿರುತ್ತದಲ್ಲ, ತೆಗೆಯಿರಿ. ಬಿ.ಪಿ. ಯಂತ್ರವೂ ಇದ್ದರೆ ಒಳ್ಳೆಯದು. ಬೆಳಿಗ್ಗೆ ಕಾಫಿಗೆ ಮುಂಚೆ ಹತ್ತು ನಿಮಿಷ ಅಂಗಾತ ಮಲಗಿ, ಎದೆಬಡಿತ ಮತ್ತು ಬಿ.ಪಿ. ಬರೆದುಕೊಳ್ಳಿ. ಎದ್ದು ಗೋಡೆಗೆ ಬೆನ್ನು ಆನಿಸಿ ನಿಲ್ಲಿ. ಕಾಲು ಅಲ್ಲಾಡಿಸಬೇಡಿ, ಮಾತು ಬೇಡ. 2, 5, 10 ನಿಮಿಷಕ್ಕೆ ಮತ್ತೆ ಬರೆಯಿರಿ. ಪಕ್ಕದಲ್ಲಿ ಒಬ್ಬರು ಇರಲೇಬೇಕು. ಕಣ್ಣು ಕತ್ತಲೆ ಬಂದರೆ ಅಲ್ಲಿಗೇ ನಿಲ್ಲಿಸಿ ಮಲಗಿ. ಇದಕ್ಕಾಗಿ ದಿನದ ಮಾತ್ರೆಗಳನ್ನು ಮಾತ್ರ ಬಿಡಬೇಡಿ.

ಬಿ.ಪಿ. ಹೆಚ್ಚು ಇಳಿಯದೆ, ಹತ್ತು ನಿಮಿಷದೊಳಗೆ ಎದೆಬಡಿತ 30 ಅಥವಾ ಅದಕ್ಕಿಂತ ಹೆಚ್ಚು ಏರಿ ಅಲ್ಲೇ ನಿಂತರೆ, ಹದಿಹರೆಯದವರಲ್ಲಿ 40 ಏರಿದರೆ, ಅದು ಪಾಟ್ಸ್ ಇರಬಹುದು. ಇರಬಹುದು ಅಷ್ಟೇ. ರಕ್ತಹೀನತೆಯಲ್ಲೂ, ನೀರು ಕಡಿಮೆಯಾದಾಗಲೂ, ಥೈರಾಯ್ಡ್ ಹೆಚ್ಚಿದಾಗಲೂ ಹೀಗಾಗುತ್ತದೆ. ಆದರೆ ಎರಡು ಮೂರು ದಿನದ ಈ ಅಂಕಿಗಳನ್ನು ಚೀಟಿಯಲ್ಲಿ ಬರೆದು ಒಯ್ದರೆ "ನಿಂತ್ರೆ ಒಂಥರಾ ಆಗುತ್ತೆ ಡಾಕ್ಟ್ರೇ" ಎನ್ನುವುದಕ್ಕಿಂತ ನೂರು ಪಾಲು ಮೇಲು. ಕುರ್ಚಿಯಲ್ಲಿ ಕೂರಿಸಿ ಒಮ್ಮೆ ಬಿ.ಪಿ. ನೋಡಿದರೆ ಇದು ಎಂದೂ ಸಿಗುವುದಿಲ್ಲ. ಹೆಚ್ಚಿನ ಪರೀಕ್ಷೆ ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸ್ವನಿಯಂತ್ರಿತ ನರಮಂಡಲದ ಪ್ರಯೋಗಾಲಯ ಇದೆ.

ಪಾಟ್ಸ್ ಖಚಿತವಾದರೆ ಮಾಡಬಹುದಾದದ್ದು ಬೇಕಾದಷ್ಟಿದೆ. ಏಳುವ ಮೊದಲು ಎರಡು ಲೋಟ ನೀರು, ಉಪ್ಪು ಹಾಕಿದ ಮಜ್ಜಿಗೆ, ಹೊಟ್ಟೆಯವರೆಗೆ ಬರುವ ಬಿಗಿ ಕಾಲುಚೀಲ, ಬೇಕಾದರೆ ಪ್ರೊಪ್ರನೊಲಾಲ್ ಅಥವಾ ಐವಾಬ್ರಾಡಿನ್‌ನಂಥ ಔಷಧ. ಉಪ್ಪು ಹೆಚ್ಚಿಸುವುದನ್ನು ಮಾತ್ರ ವೈದ್ಯರನ್ನು ಕೇಳದೆ ಮಾಡಬೇಡಿ. ಬಿ.ಪಿ., ಕಿಡ್ನಿ, ಹೃದಯದ ತೊಂದರೆ ಇದ್ದವರಿಗೆ ಅದು ಅಪಾಯ. ಓ.ಆರ್.ಎಸ್. ಆದರೂ ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಬೆರೆಸಬೇಕು.

3. ನೋಟ್‌ಬುಕ್ ಇಡಿ.

ಶ್ರಮ ಇಂದು, ಪೆಟ್ಟು ನಾಡಿದ್ದು ಎಂದ ಮೇಲೆ ನೆನಪನ್ನು ನಂಬುವ ಹಾಗಿಲ್ಲ. ದಿನಕ್ಕೆ ಒಂದು ಸಾಲು ಸಾಕು. ನಿದ್ದೆ ಎಷ್ಟು, ಮಾಡಿದ ದೊಡ್ಡ ಕೆಲಸ ಯಾವುದು, ನಿತ್ರಾಣಕ್ಕೆ ಹತ್ತಕ್ಕೆ ಎಷ್ಟು ಅಂಕ, ಹೆಂಗಸರಾದರೆ ಮುಟ್ಟಿನ ದಿನ. ಕೆಟ್ಟ ದಿನ ಬಂದಾಗ ಆ ದಿನವನ್ನು ಬೈಯಬೇಡಿ, ಎರಡು ಸಾಲು ಮೇಲೆ ನೋಡಿ. ಮೂರು ವಾರ ಬರೆದರೆ ಸಾಕು, ನಿಮ್ಮನ್ನು ಬೀಳಿಸುತ್ತಿರುವುದು ಯಾವುದು ಎಂದು ಗೊತ್ತಾಗುತ್ತದೆ. ನನ್ನ ಪುಸ್ತಕದಲ್ಲಿ ಸಿಕ್ಕಿದ್ದು ಮನೆಗೆಲಸವಲ್ಲ. ಶನಿವಾರದ ಅಭ್ಯಂಜನ! ಬಿಸಿನೀರಿಗೆ ರಕ್ತನಾಳಗಳು ಹಿಗ್ಗುತ್ತವೆ, ರಕ್ತ ಕಾಲಿಗೆ ಇಳಿಯುತ್ತದೆ, ಜೊತೆಗೆ ಕೈ ಮೇಲೆತ್ತಿ ತಲೆ ತಿಕ್ಕುವ ಶ್ರಮ ಬೇರೆ. ಎರಡು ವರ್ಷ ನಾನು ಆರೋಗ್ಯಕ್ಕೆಂದು ಎಣ್ಣೆ ಹಚ್ಚಿಕೊಂಡು ಪ್ರತಿ ಸೋಮವಾರ ಹಾಸಿಗೆ ಹಿಡಿಯುತ್ತಿದ್ದೆ.

4. ಮುಕ್ಕಾಲಿಗೆ ನಿಲ್ಲಿಸಿ.

ಈ ಕಾಯಿಲೆಗೆ ಸದ್ಯ ಇರುವ ಮುಖ್ಯ ಉಪಾಯ ಇದೇ. ಇಂಗ್ಲೆಂಡಿನ ನೈಸ್ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ, ದಿನದಿನಕ್ಕೆ ವ್ಯಾಯಾಮ ಏರಿಸುತ್ತಾ ಹೋಗುವ ಹಳೆಯ ಚಿಕಿತ್ಸೆಯನ್ನು ಎಂ.ಇ./ಸಿ.ಎಫ್.ಎಸ್.ಗೆ ಕೊಡಬಾರದೆಂದು ಹೇಳಿ, ಇರುವ ಶಕ್ತಿಯೊಳಗೇ ಬದುಕುವ ಕ್ರಮವನ್ನು ಮುಂದಿಟ್ಟಿತು. ಇದಕ್ಕೆ ಪೇಸಿಂಗ್ ಎನ್ನುತ್ತಾರೆ.

ಆಗುತ್ತದೆ ಅನ್ನಿಸಿದಷ್ಟರಲ್ಲಿ ಮುಕ್ಕಾಲು ಭಾಗ ಮಾತ್ರ ಮಾಡಿ, ಸುಸ್ತಾಗುವ ಮೊದಲೇ ಕೂರಿ. ಸುಸ್ತಾದ ಮೇಲೆ ಕೂತರೆ ತಡವಾಯಿತು. ಫೋನಿನಲ್ಲಿ ಹದಿನೈದು ನಿಮಿಷದ ಅಲಾರಂ ಇಡಿ. ಈಳಿಗೆ ಮಣೆಯ ಮುಂದೆ ನೆಲದ ಮೇಲೆ ಕೂತು ಏಳುವುದು ಬಿಟ್ಟು, ಎತ್ತರದ ಸ್ಟೂಲಿನ ಮೇಲೆ ಕೂತು ಚಾಕುವಿನಲ್ಲಿ ಹೆಚ್ಚಿ. ಒಲೆಯ ಪಕ್ಕವೂ ಸ್ಟೂಲು ಇರಲಿ. ಬಚ್ಚಲಲ್ಲಿ ಪ್ಲಾಸ್ಟಿಕ್ ಸ್ಟೂಲು, ನೀರು ಉಗುರುಬೆಚ್ಚಗೆ, ತಲೆಸ್ನಾನದ ದಿನ ಬೇರೆ ದೊಡ್ಡ ಕೆಲಸ ಇಲ್ಲ. ದೋಸೆ ಹಿಟ್ಟು ಮೂರು ದಿನಕ್ಕೆ ಒಮ್ಮೆ. ಚಪಾತಿಯನ್ನು ಬೇರೆಯವರು ಲಟ್ಟಿಸಲಿ, ಇಲ್ಲವೇ ಅನ್ನ ಮಾಡಿ. ಅನ್ನ ತಿಂದರೆ ಯಾರೂ ಬಡವಾಗುವುದಿಲ್ಲ.

ತಲೆಯ ಕೆಲಸವನ್ನೂ ಲೆಕ್ಕಕ್ಕೆ ಹಿಡಿಯಬೇಕು, ಇದನ್ನು ಬಹಳ ಜನ ಬಿಡುತ್ತಾರೆ. ಮಗುವಿನ ಹೋಮ್‌ವರ್ಕು, ಬ್ಯಾಂಕಿನ ಕಾಗದಪತ್ರ, ಅರ್ಧ ಗಂಟೆಯ ಫೋನ್ ಜಗಳ, ಇವೆಲ್ಲ ಮೋಟಾರು ಹಾಕಿದ ಹಾಗೇ. ವಿಶ್ರಾಂತಿ ಎಂದು ಮಲಗಿ ಮೊಬೈಲಿನಲ್ಲಿ ರೀಲ್ಸ್ ನೋಡಿದರೆ ಅದು ವಿಶ್ರಾಂತಿ ಅಲ್ಲ. ಕಣ್ಣು ಮುಚ್ಚಿ, ಸದ್ದಿಲ್ಲದೆ, ಹತ್ತೇ ನಿಮಿಷ ಸಾಕು.

ಅಂಕಿ ಬೇಕೆನ್ನುವವರಿಗೆ ಒಂದು ದಾರಿ ಇದೆ. ಅಮೆರಿಕದ ವರ್ಕ್‌ವೆಲ್ ಫೌಂಡೇಷನ್ನಿನ ತಜ್ಞರು ಹೇಳುವಂತೆ, ಬೆಳಿಗ್ಗೆ ಮಲಗಿದಲ್ಲೇ ಇರುವ ಎದೆಬಡಿತಕ್ಕೆ 15 ಕೂಡಿಸಿ, ಅದನ್ನು ಮೀರದಂತೆ ನೋಡಿಕೊಳ್ಳುವುದು. ಬಡಿತ 72 ಇದ್ದರೆ 87 ನಿಮ್ಮ ಗೆರೆ. ಕೈಗಡಿಯಾರದಂಥ ಬ್ಯಾಂಡು ಇದ್ದರೆ ಸುಲಭ. ಎದೆಬಡಿತ ಇಳಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಈ ಲೆಕ್ಕ ಒಗ್ಗುವುದಿಲ್ಲ. ಪಾಟ್ಸ್ ಇದ್ದವರಿಗೆ ನಿಂತ ಕೂಡಲೇ ಗೆರೆ ದಾಟುತ್ತದೆ, ಅದಕ್ಕೆ ಹೆದರಬೇಡಿ. ಕೂತು ಮಾಡಬಹುದಾದ್ದನ್ನು ಕೂತೇ ಮಾಡಿ ಎಂಬ ಸೂಚನೆ ಅದು.

ಹಬ್ಬ, ಮದುವೆ ಬಂದಾಗ? ಹೋಗಿ. ಆದರೆ ಮುಂಚಿನ ಎರಡು ದಿನ, ಆಮೇಲಿನ ಮೂರು ದಿನ ಖಾಲಿ ಇಟ್ಟುಕೊಂಡು ಹೋಗಿ. ಆರತಕ್ಷತೆಯ ಸಾಲಿನಲ್ಲಿ ಮುಕ್ಕಾಲು ಗಂಟೆ ನಿಲ್ಲುವುದಕ್ಕಿಂತ ಧಾರೆಗೆ ಹೋಗಿ ಕುರ್ಚಿಯಲ್ಲಿ ಕೂತು ಅಕ್ಷತೆ ಹಾಕಿ ಬರುವುದು ಮೇಲು. ಗೌರಿ ಹಬ್ಬಕ್ಕೆ ಐದು ಬಗೆಯ ಅಡಿಗೆಯಲ್ಲಿ ಯಾವುದು ಇಲ್ಲದಿದ್ದರೂ ಗೌರಿ ಬರುತ್ತಾಳೆ.

5. ವೈದ್ಯರ ಮುಂದೆ ಒಂದೇ ಹಾಳೆ.

ಓ.ಪಿ.ಡಿ.ಯಲ್ಲಿ ನಿಮಗೆ ಸಿಗುವುದು ಐದು ನಿಮಿಷ. ಮೂರು ಇಂಚು ದಪ್ಪದ ಫೈಲು ಮೇಜಿನ ಮೇಲಿಟ್ಟರೆ ಎದುರಿಗಿದ್ದವರ ಮುಖವೇ ಬಾಡುತ್ತದೆ, ನೋಡಿದ್ದೇನೆ. ಒಂದು ಹಾಳೆಯಲ್ಲಿ ಬರೆಯಿರಿ: ಯಾವ ತಿಂಗಳು, ಏನಾದ ಮೇಲೆ ಶುರುವಾಯಿತು. ಮೊದಲು ಏನು ಮಾಡುತ್ತಿದ್ದಿರಿ, ಈಗ ಏನು ಆಗುವುದಿಲ್ಲ. ಅತಿ ಕಾಡುವ ಮೂರು ತೊಂದರೆ, ಮೂವತ್ತಲ್ಲ. ಈಗಿನ ಔಷಧಗಳು, ನಾಟಿ ಔಷಧವೂ ಸೇರಿ. ಆಗಿರುವ ಪರೀಕ್ಷೆ, ದಿನಾಂಕ. ಕೊನೆಗೆ ಒಂದೇ ಪ್ರಶ್ನೆ.

ಸುಸ್ತು ಎಂಬ ಮಾತನ್ನೇ ಬಿಟ್ಟುಬಿಡಿ. ಅದು ಎಲ್ಲರಿಗೂ ಇದೆ, ಡಾಕ್ಟರಿಗೂ ಇದೆ. "ಮೊದಲು ಎರಡು ಬಸ್ಸು ಬದಲಾಯಿಸಿ ಶಾಲೆಗೆ ಹೋಗಿ ಐದು ಪೀರಿಯಡ್ ಪಾಠ ಮಾಡ್ತಿದ್ದೆ. ಈಗ ಬಟ್ಟೆ ಒಣಹಾಕಿದ್ರೆ ಮಾರನೇ ದಿನ ಮಲಗಬೇಕು" ಎನ್ನಿ. ಆ "ಮಾರನೇ ದಿನ" ಎಂಬುದನ್ನು ಒತ್ತಿ ಹೇಳಿ.

ಹತ್ತು ತಜ್ಞರ ಹತ್ತಿರ ಓಡಾಡುವ ಬದಲು ಕೇಳಿಸಿಕೊಳ್ಳುವ ಒಬ್ಬ ಫಿಸಿಶಿಯನ್ನನ್ನು ಹಿಡಿದುಕೊಳ್ಳಿ. ಅವರಿಗೆ ಈ ಕಾಯಿಲೆಯ ಹೆಸರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ. "ಗೊತ್ತಿಲ್ಲ, ಓದಿ ನೋಡ್ತೀನಿ" ಎಂದ ವೈದ್ಯರೇ ನನಗೆ ಕೊನೆಗೆ ನೆರವಾದದ್ದು.

ಮನಸ್ಸಿನ ಕಾಯಿಲೆಯೇ?

ಖಿನ್ನತೆಯಲ್ಲಿ ಹಲವರಿಗೆ ಏನೂ ಮಾಡಲು ಮನಸ್ಸೇ ಬರುವುದಿಲ್ಲ. ಇಲ್ಲಿ ಮನಸ್ಸು ಹೊಸಿಲು ದಾಟಿರುತ್ತದೆ, ಮೈ ಹಾಸಿಗೆಯಲ್ಲಿರುತ್ತದೆ. ಗುಣವಾದರೆ ಏನು ಮಾಡುತ್ತೀರಿ ಎಂದು ಕೇಳಿದರೆ ಈ ರೋಗಿ ಉದ್ದದ ಪಟ್ಟಿ ಕೊಡುತ್ತಾರೆ. ಖಿನ್ನತೆ ಇದ್ದವರಿಗೆ ನಡಿಗೆ, ವ್ಯಾಯಾಮ ಸಾಮಾನ್ಯವಾಗಿ ಒಳ್ಳೆಯದು ಮಾಡುತ್ತವೆ. ಇವರನ್ನು ಅವೇ ಬೀಳಿಸುತ್ತವೆ.

ಆದರೆ ಎರಡೂ ಒಟ್ಟಿಗೆ ಇರಬಹುದು. ವರ್ಷಗಟ್ಟಲೆ ಯಾರೂ ನಂಬದೆ ಮಲಗಿದ್ದರೆ ಯಾರ ಮನಸ್ಸು ತಾನೇ ಕುಗ್ಗುವುದಿಲ್ಲ? ಚೀಟಿಯಲ್ಲಿ ಅಮಿಟ್ರಿಪ್ಟಿಲಿನ್ ಅಥವಾ ಡ್ಯುಲೊಕ್ಸೆಟಿನ್ ಕಂಡ ಕೂಡಲೇ "ನನ್ನನ್ನು ಹುಚ್ಚಿ ಅಂದುಕೊಂಡರು" ಎಂದು ಸಿಟ್ಟಾಗಬೇಡಿ. ಮೊದಲನೆಯದನ್ನು ಚಿಕ್ಕ ಪ್ರಮಾಣದಲ್ಲಿ ನಿದ್ದೆಗೆ, ನೋವಿಗೆ ಕೊಡುತ್ತಾರೆ. ಎರಡನೆಯದನ್ನು ಫೈಬ್ರೊಮಯಾಲ್ಜಿಯಾ ನೋವಿಗೆ ಕೊಡುವುದುಂಟು. ಬದುಕು ಸಾಕು ಎನ್ನಿಸುವ ಹಂತ ಬಂದರೆ ತಡಮಾಡದೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಸಾಮಾನ್ಯವಾಗಿ ಆಗುವ ತಪ್ಪುಗಳು

ಒಳ್ಳೆಯ ದಿನ ಸಿಕ್ಕಿತೆಂದು ಬಾಕಿ ಕೆಲಸವನ್ನೆಲ್ಲ ಮಾಡಿಬಿಡುವುದು. ಎಲ್ಲರೂ ಮಾಡುವ ತಪ್ಪು, ನಾನು ಹೋದ ತಿಂಗಳೂ ಮಾಡಿದೆ. ಅಟ್ಟ ಗುಡಿಸಿದೆ, ಒಂಬತ್ತು ದಿನ ತೆತ್ತೆ.

ಹಠದಿಂದ ವ್ಯಾಯಾಮ. ಯೋಗ ಒಳ್ಳೆಯದೇ, ಆದರೆ ಎಲ್ಲ ಯೋಗವೂ ಎಲ್ಲರಿಗೂ ಅಲ್ಲ. ಸೂರ್ಯನಮಸ್ಕಾರದಲ್ಲಿ ಬಗ್ಗಿ ಏಳುವುದು ಪಾಟ್ಸ್ ಇದ್ದವರಿಗೆ ತಲೆಸುತ್ತು ತರುತ್ತದೆ. ಮೈ ಅತಿಯಾಗಿ ಬಾಗುವವರು ಇನ್ನಷ್ಟು ಬಾಗಿಸಿದರೆ ಕೀಲು ಜಾರಬಹುದು. ಮಲಗಿ ಮಾಡುವ ಸಣ್ಣ ಚಲನೆಯಿಂದ, ಮಾರನೆಯ ದಿನ ಪೆಟ್ಟು ಬೀಳದಷ್ಟರಿಂದ ಶುರು ಮಾಡಿ.

ಗ್ಲೂಕೋಸ್ ಬಾಟಲಿ ಏರಿಸಿಕೊಳ್ಳುವುದು. ಒಂದೆರಡು ಗಂಟೆ ಹಗುರ ಅನ್ನಿಸುವುದು ಒಳಗೆ ಹೋದ ನೀರು, ಉಪ್ಪಿನಿಂದ. ದುಡ್ಡು ಕೊಟ್ಟು ಸೂಜಿ ಚುಚ್ಚಿಸಿಕೊಂಡದ್ದಷ್ಟೇ ಲಾಭ.

ಹೆಸರಿಲ್ಲದ ಪುಡಿ, ಗುಳಿಗೆ. ಚೀಟಿ ಅಂಟಿಸದ ಪೊಟ್ಟಣದಲ್ಲಿ ಬರುವ ಕೀಲುನೋವಿನ ಔಷಧ ಎರಡೇ ದಿನದಲ್ಲಿ ಜಾದೂ ಮಾಡಿತೆಂದರೆ ಸಂತೋಷಪಡಬೇಡಿ, ಅನುಮಾನಪಡಿ. ಅಂಥವುಗಳಲ್ಲಿ ಸ್ಟೆರಾಯ್ಡ್ ಬೆರೆಸಿರುವುದುಂಟು. ತಿಂಗಳುಗಟ್ಟಲೆ ತಿಂದು ಥಟ್ಟನೆ ಬಿಟ್ಟರೆ ಅಡ್ರಿನಲ್ ಗ್ರಂಥಿ ಕೈಕೊಟ್ಟು ಪ್ರಾಣಕ್ಕೇ ಅಪಾಯ.

ಎಲ್ಲವನ್ನೂ ಹಳೆಯ ಹೆಸರಿನ ಕೆಳಗೆ ಹಾಕುವುದು. ಒಮ್ಮೆ ಕಾಯಿಲೆಗೆ ಹೆಸರು ಸಿಕ್ಕಿದ ಮೇಲೆ ರೋಗಿಯೂ ವೈದ್ಯರೂ ಹೊಸ ಲಕ್ಷಣವನ್ನು "ಅದರದ್ದೇ ಇರಬೇಕು" ಎಂದು ತಳ್ಳಿಹಾಕುತ್ತಾರೆ. ಈ ಕಾಯಿಲೆಯವರಿಗೆ ಬೇರೆ ಕಾಯಿಲೆ ಬರಬಾರದೆಂಬ ನಿಯಮವಿಲ್ಲ.

ಎಚ್ಚರಿಕೆ: ಇವು ಇದ್ದರೆ ಕಾಯಬೇಡಿ

ಕಾರಣವಿಲ್ಲದೆ ತೂಕ ಇಳಿಯುವುದು, ಸಂಜೆ ಜ್ವರ, ರಾತ್ರಿ ಮೈ ತೋಯುವ ಬೆವರು, ಎರಡು ವಾರ ಮೀರಿದ ಕೆಮ್ಮು ಕಂಡರೆ ಕ್ಷಯದ ಪರೀಕ್ಷೆ ಮೊದಲು. ಮಲದಲ್ಲಿ ರಕ್ತ, ಮೈಯಲ್ಲಿ ಗಂಟು. ಎದೆನೋವು, ಕೂತಲ್ಲೇ ಉಸಿರುಗಟ್ಟುವುದು. ಒಂದು ಕಡೆಯ ಕೈಕಾಲು ಸೋಲುವುದು. ಸಂಜೆಯಾಗುತ್ತ ರೆಪ್ಪೆ ಜೋತುಬೀಳುವುದು, ನುಂಗಲು ಕಷ್ಟವಾಗುವುದು. ಚರ್ಮ, ಒಸಡು ಕಪ್ಪಾಗುತ್ತ, ಬಿ.ಪಿ. ಇಳಿಯುತ್ತ, ಉಪ್ಪಿಗಾಗಿ ನಾಲಿಗೆ ಹಾತೊರೆಯುವುದು. ಕೊನೆಯದು ಅಡಿಸನ್ ಕಾಯಿಲೆಯ ಗುರುತಾಗಿರಬಹುದು, ಬೆಳಗಿನ ಕಾರ್ಟಿಸಾಲ್ ಪರೀಕ್ಷೆ ಮಾಡಿಸಬೇಕು. ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ.

ಮನೆಯವರಿಗೆ

"ಸ್ವಲ್ಪ ಮನಸ್ಸು ಮಾಡವ್ವಾ" ಎನ್ನಬೇಡಿ. ಮನಸ್ಸು ಮಾಡಿಯೇ ಇಲ್ಲಿಗೆ ಬಂದದ್ದು. "ಏನಾದ್ರೂ ಬೇಕಾ?" ಎಂಬ ಪ್ರಶ್ನೆಗೆ ಉತ್ತರ ಹುಡುಕುವುದೂ ಒಂದು ಕೆಲಸವೇ. ಅದರ ಬದಲು ನೀರಿನ ಬಾಟಲಿ ಕೈಗೆಟಕುವ ಕಡೆ ಇಡಿ, ಪರದೆ ಎಳೆಯಿರಿ, ನೆಂಟರಿಗೆ ನೀವೇ ಉತ್ತರ ಹೇಳಿ ಕಳಿಸಿ. ನಮ್ಮ ಅತ್ತೆ ಮೊದಲ ವರ್ಷ ನನ್ನನ್ನು ಮೈಗಳ್ಳಿ ಅಂದುಕೊಂಡಿದ್ದರು. ನನ್ನ ನೋಟ್‌ಬುಕ್ಕು ಓದಿದ ಮೇಲೆ ಬಚ್ಚಲಿಗೆ ಸ್ಟೂಲು ತಂದವರೂ ಅವರೇ.

ಗುಣವಾಗುತ್ತದೆಯೇ ಎಂದು ಕೇಳುತ್ತೀರಿ. ಕೆಲವರು ಸುಧಾರಿಸುತ್ತಾರೆ, ಮಕ್ಕಳಲ್ಲಿ ಆ ಸಾಧ್ಯತೆ ಹೆಚ್ಚು. ದೊಡ್ಡವರಲ್ಲಿ ಪೂರ್ತಿ ಮೊದಲಿನಂತಾಗುವವರು ಕಡಿಮೆ. ನನಗೆ ಕುಸಿತಗಳು ತಿಂಗಳಿಗೆ ನಾಲ್ಕು ಇದ್ದದ್ದು ಈಗ ಒಂದಕ್ಕೆ ಇಳಿದಿದೆ.

ಈ ಲೇಖನ ಬರೆಯಲು ಹತ್ತೊಂಬತ್ತು ದಿನ ಹಿಡಿಯಿತು, ದಿನಕ್ಕೆ ಇಪ್ಪತ್ತು ನಿಮಿಷದ ಅಲಾರಂ ಇಟ್ಟುಕೊಂಡು. ನೀವೂ ಇದರಲ್ಲಿರುವುದನ್ನೆಲ್ಲ ನಾಳೆಯೇ ಶುರು ಮಾಡಬೇಡಿ. ನಾಳೆಗೆ ಒಂದು ನೋಟ್‌ಬುಕ್ ತರಿಸಿಕೊಳ್ಳಿ, ಸಾಕು.